ಮೂವತ್ತೊಂದನೇ ವಾರದಲ್ಲಿ ಏರಿದ ಸಕ್ಕರೆ: ಗರ್ಭಾವಸ್ಥೆಯ ಮಧುಮೇಹ, ಉರಿಯೂತ ಮತ್ತು ಇನ್ಸುಲಿನ್ ಪ್ರತಿರೋಧದ ಒಂದು ಪ್ರಕರಣ ಅಧ್ಯಯನ

ಗರ್ಭಿಣಿಗೆ 33 ವರ್ಷ, ಎರಡನೇ ಬಸಿರು. ಮೊದಲ ಮಗು ಹುಟ್ಟುವಾಗ 4.1 ಕಿಲೋ ತೂಗಿತ್ತು. ಆ ಸಲ ಸಕ್ಕರೆ ಪರೀಕ್ಷೆ ಆದ ದಾಖಲೆ ಇಲ್ಲ. ಆಕೆಯ ತಾಯಿಗೆ ಟೈಪ್ 2 ಮಧುಮೇಹ. ಬಸಿರಾಗುವ ಮೊದಲು ಬಿಎಂಐ 29.6, ಅಂದರೆ 30ರ ಅಂತರರಾಷ್ಟ್ರೀಯ ಗೆರೆಯಂತೆ ಸ್ಥೂಲಕಾಯ ಎಂದು ಬರೆಯಲು ಕೂದಲೆಳೆಯಷ್ಟು ಬಾಕಿ. ಹತ್ತನೇ ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 90, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಶೇ. 5.5. ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. (ಈ ಬರಹದಲ್ಲಿ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ಪ್ರಕರಣವೂ ಯಾರೋ ಒಬ್ಬರ ಕಡತವಲ್ಲ; ಇಂಥ ಬಸಿರುಗಳಲ್ಲಿ ನಡೆಯುವುದನ್ನು ಒಂದೆಡೆ ತಂದು ಕಲಿಕೆಗಾಗಿ ಹೆಣೆದದ್ದು.)

26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ಖಾಲಿ ಹೊಟ್ಟೆಯಲ್ಲಿ 94, ಒಂದು ಗಂಟೆಗೆ 188, ಎರಡು ಗಂಟೆಗೆ 149. ಗೆರೆಗಳು ಕ್ರಮವಾಗಿ 92, 180, 153. ಮೂರರಲ್ಲಿ ಒಂದನ್ನು ಮುಟ್ಟಿದರೂ ಗರ್ಭಾವಸ್ಥೆಯ ಮಧುಮೇಹ ಎನ್ನುತ್ತಾರೆ. ಈಕೆ ಎರಡನ್ನು ದಾಟಿದ್ದರು. ಈ ಗೆರೆಗಳ ಹಿಂದೆ ಇರುವುದು 2008ರಲ್ಲಿ ಪ್ರಕಟವಾದ ಹ್ಯಾಪೋ ಅಧ್ಯಯನ. ಸುಮಾರು 25,000 ಗರ್ಭಿಣಿಯರನ್ನು ಗಮನಿಸಿದ ಆ ಅಧ್ಯಯನ ಕಂಡುಕೊಂಡದ್ದು ಇಷ್ಟು: ತಾಯಿಯ ಸಕ್ಕರೆ ಏರಿದಂತೆಲ್ಲ ಮಗುವಿನ ತೂಕವೂ ತೊಂದರೆಗಳೂ ಏರುತ್ತ ಹೋಗುತ್ತವೆ, ಅಪಾಯ ಇಲ್ಲಿಂದ ಶುರು ಎನ್ನುವಂಥ ಮೆಟ್ಟಿಲು ಎಲ್ಲೂ ಸಿಗುವುದಿಲ್ಲ. ಹಾಗಾಗಿ 92 ಎನ್ನುವುದು ತಜ್ಞರು ಕೂತು ಒಪ್ಪಿಕೊಂಡ ಗೆರೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಒಪ್ಪಿತು.

ಪ್ರಯೋಗಾಲಯದ ಅದೇ ಹಾಳೆಯಲ್ಲಿ ಯಾರೂ ಕೇಳದ ಇನ್ನೆರಡು ಅಂಕಿಗಳಿದ್ದವು. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನು ಲೀಟರಿಗೆ 11 ಮಿಲಿಗ್ರಾಂ, ಬಿಳಿ ರಕ್ತಕಣ 11,600. ಎರಡರ ಮುಂದೆಯೂ ದಪ್ಪಕ್ಷರದಲ್ಲಿ 'ಹೆಚ್ಚು' ಎಂದು ಅಚ್ಚಾಗಿತ್ತು. ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿ ಕೇಳಿದರು: "ಡಾಕ್ಟ್ರೇ, ನನ್ನ ಮೈಯಲ್ಲಿ ಉರಿಯೂತ ಇದೆ ಅಂತ ಬಂದಿದೆ. ಸಕ್ಕರೆ ಬಂದಿರೋದು ಅದರಿಂದಾನಾ? ಅದಕ್ಕೆ ಮಾತ್ರೆ ಇದೆಯಾ?"

ಮೊದಲ ಪ್ರಶ್ನೆಗೆ ಅರ್ಧ ಹೌದು. ಎರಡನೆಯದಕ್ಕೆ ಇಲ್ಲ. ಈ ಅರ್ಧ ಹೌದಿಗೂ ಪೂರ್ತಿ ಇಲ್ಲಕ್ಕೂ ನಡುವೆ ಇರುವುದೇ ಈ ಪ್ರಕರಣದ ಸಾರ.

ಬಸಿರಿನಲ್ಲಿ ಇನ್ಸುಲಿನ್ ಯಾಕೆ ಸಾಲದಾಗುತ್ತದೆ

ಇನ್ಸುಲಿನ್ ಪ್ರತಿರೋಧ ಬಸಿರಿಗೆ ಬಂದ ರೋಗವಲ್ಲ, ಅದು ಬಸಿರಿನ ಸಹಜ ಏರ್ಪಾಡು. ಕೊನೆಯ ತಿಂಗಳುಗಳಲ್ಲಿ ಆರೋಗ್ಯವಂತ ಹೆಂಗಸಿನಲ್ಲೂ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಪ್ರಮಾಣ ಸುಮಾರು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ತಾಯಿಯ ಸ್ನಾಯುಗಳು ಗ್ಲೂಕೋಸನ್ನು ಅಷ್ಟು ಸುಲಭವಾಗಿ ಎಳೆದುಕೊಳ್ಳದಿದ್ದರೆ ಅದು ಮಗುವಿನ ಪಾಲಿಗೆ ಉಳಿಯುತ್ತದೆ. ತಾಯಿಯ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಎರಡು, ಎರಡೂವರೆ ಪಟ್ಟು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸುತ್ತವೆ. ಹೀಗೆ ಸರಿದೂಗಿಸಲಾಗದವರಲ್ಲಿ ಸಕ್ಕರೆ ಏರುತ್ತದೆ.

ಪ್ರತಿರೋಧ ಹುಟ್ಟಿಸುವುದು ಯಾರು? ಪಠ್ಯಪುಸ್ತಕದ ಹಳೆಯ ಉತ್ತರ ಮಾಸಿನ ಹಾರ್ಮೋನುಗಳು: ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಮಾಸೇ ತಯಾರಿಸುವ ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟರಾನ್, ಅವುಗಳ ಜೊತೆಗೆ ಏರುವ ಕಾರ್ಟಿಸಾಲ್. ಉತ್ತರ ತಪ್ಪಲ್ಲ. ಆದರೆ 2002ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ಎಲ್ಲರನ್ನೂ ಸ್ವಲ್ಪ ತಡೆದು ನಿಲ್ಲಿಸಿತು. ಹದಿನೈದೇ ಹೆಂಗಸರು, ಅವರಲ್ಲಿ ಐವರಿಗೆ ಗರ್ಭಾವಸ್ಥೆಯ ಮಧುಮೇಹ. ಅದರ ಹೆಚ್ಚುಗಾರಿಕೆ ಎಂದರೆ ಅವರನ್ನು ಬಸಿರಾಗುವ ಮೊದಲೇ ಅಳೆದಿದ್ದರು. ಆಮೇಲೆ ಬಸಿರಿನ ಶುರುವಿನಲ್ಲಿ, ಮತ್ತೆ ಕೊನೆಯಲ್ಲಿ. ಇನ್ಸುಲಿನ್ ಸ್ಪಂದನೆ ಇಳಿದದ್ದರ ಜೊತೆ ಅತಿ ಹತ್ತಿರದಿಂದ ಹೆಜ್ಜೆ ಹಾಕಿದ್ದು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶಕಣ. ಹಾರ್ಮೋನುಗಳು ಅದರ ಹಿಂದೆ ಉಳಿದವು. ಮಾಸಿನ ತುಂಡನ್ನು ದ್ರವ ಹಾಯಿಸಿ ಜೀವಂತ ಇಟ್ಟು ನೋಡಿದಾಗ, ಅದು ಬಿಡುವ ಟಿಎನ್‌ಎಫ್‌ನಲ್ಲಿ ಶೇ. 94ರಷ್ಟು ತಾಯಿಯ ಕಡೆಗೇ ಹರಿಯುವುದೂ ಕಂಡಿತು. ಹದಿನೈದು ಜನರ ಅಧ್ಯಯನದ ಮೇಲೆ ಸಿದ್ಧಾಂತ ಕಟ್ಟುವುದಕ್ಕೆ ನನಗೆ ಹಿಂಜರಿಕೆ ಇದೆ. ಆದರೂ ಬಸಿರಿಗೆ ಮುಂಚಿನ ಅಳತೆ ಇರುವ ಅಧ್ಯಯನಗಳು ಎಷ್ಟು ಕಡಿಮೆ ಎಂಬುದನ್ನು ನೆನೆದರೆ ಅದನ್ನು ಬದಿಗಿಡುವಂತೆಯೂ ಇಲ್ಲ.

ಕೋಶದ ಒಳಗೆ ಆಗುವುದನ್ನು ಹತ್ತಿರದಿಂದ ನೋಡೋಣ. ಇನ್ಸುಲಿನ್ ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಗ್ರಾಹಕವು ಐಆರ್‌ಎಸ್-1 ಎಂಬ ಪ್ರೋಟೀನಿನ ಟೈರೋಸಿನ್ ಜಾಗಗಳಿಗೆ ಫಾಸ್ಫೇಟ್ ಸೇರಿಸುತ್ತದೆ. ಅಲ್ಲಿಂದ ಸಂದೇಶ ಪಿಐ3-ಕೈನೇಸ್, ಎಕೆಟಿ ಎಂಬ ಕಿಣ್ವಗಳಿಗೆ ದಾಟಿ, ಕೊನೆಗೆ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಪೊರೆಗೆ ಬಂದು ಗ್ಲೂಕೋಸನ್ನು ಒಳಗೆ ಬಿಡುತ್ತದೆ. ಟಿಎನ್‌ಎಫ್ ಬಂದಾಗ ಜೆಎನ್‌ಕೆ, ಐಕೆಕೆ-ಬೀಟಾ ಎಂಬ ಬೇರೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಅದೇ ಐಆರ್‌ಎಸ್-1ಕ್ಕೆ ಫಾಸ್ಫೇಟ್ ಸೇರಿಸುತ್ತವೆ, ಆದರೆ ಸೆರಿನ್ ಜಾಗಗಳಲ್ಲಿ. ಅಲ್ಲಿ ಫಾಸ್ಫೇಟ್ ಕೂತರೆ ಟೈರೋಸಿನ್ ಕಡೆಯ ಕೆಲಸ ಕುಂಟುತ್ತದೆ. ಇನ್ಸುಲಿನ್ ಬಂದಿದೆ, ಗ್ರಾಹಕವೂ ಇದೆ, ಸಂದೇಶ ಮಾತ್ರ ಮೊದಲ ದಾಟಿನಲ್ಲೇ ಸೋರಿಹೋಗುತ್ತದೆ. ಗರ್ಭಾವಸ್ಥೆಯ ಮಧುಮೇಹ ಇರುವವರ ಸ್ನಾಯುವಿನ ತುಣುಕು ತೆಗೆದು ನೋಡಿದಾಗ ಕಂಡದ್ದೂ ಇದೇ: ಗ್ಲೂಟ್-4 ಬೇಕಾದಷ್ಟಿದೆ, ಅದನ್ನು ಕರೆಯುವ ಸಂದೇಶ ಬಡಕಲಾಗಿದೆ.

ಮಾಸಿನ ಬೆಳವಣಿಗೆಯ ಹಾರ್ಮೋನು ಇದೇ ದಾರಿಯನ್ನು ಸ್ವಲ್ಪ ಮುಂದೆ ಅಡ್ಡಗಟ್ಟುತ್ತದೆ. ಅದು ಪಿಐ3-ಕೈನೇಸಿನ ಪಿ85 ಎಂಬ ಭಾಗವನ್ನು ಅತಿಯಾಗಿ ಹೆಚ್ಚಿಸಿ ಕಿಣ್ವ ಸರಿಯಾಗಿ ಜೋಡಿಯಾಗದಂತೆ ಮಾಡುತ್ತದೆ. ಹಾಗಾಗಿ ಹಾರ್ಮೋನೋ ಉರಿಯೂತವೋ ಎಂಬ ಜಗಳ ಅನಗತ್ಯ. ಇಬ್ಬರೂ ಅದೇ ದಾರಿಯಲ್ಲಿ ಎರಡು ಕಡೆ ನಿಂತಿದ್ದಾರೆ.

ಮೂರನೆಯದು ಬಸಿರಿಗಿಂತ ಹಳೆಯದು: ಕೊಬ್ಬಿನ ಅಂಗಾಂಶ. ಸ್ಥೂಲಕಾಯದ ಇಲಿಗಳ ಕೊಬ್ಬು ಟಿಎನ್‌ಎಫ್ ತಯಾರಿಸುತ್ತದೆ, ಅದನ್ನು ಕಟ್ಟಿಹಾಕಿದರೆ ಇನ್ಸುಲಿನ್ ಮತ್ತೆ ಕೆಲಸ ಮಾಡುತ್ತದೆ ಎಂದು 1993ರಲ್ಲೇ ತೋರಿಸಿದ್ದರು. 2003ರಲ್ಲಿ ಎರಡು ತಂಡಗಳು, ತೂಕ ಹೆಚ್ಚಿದಂತೆ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಬಂದು ತುಂಬಿಕೊಳ್ಳುವುದನ್ನು ತೋರಿಸಿದವು. ಅದೇ ಕೊಬ್ಬು ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಬಸಿರಿಗೆ ವರ್ಷಗಳ ಮುಂಚೆಯೇ ಅಡಿಪೊನೆಕ್ಟಿನ್ ಕಡಿಮೆ ಇದ್ದವರಲ್ಲಿ ಮುಂದೆ ಗರ್ಭಾವಸ್ಥೆಯ ಮಧುಮೇಹ ಹೆಚ್ಚು. ನಮ್ಮ ರೋಗಿ ಬಸಿರಿನ ಹೊಸ್ತಿಲು ದಾಟುವಾಗಲೇ ಒಂದು ಪ್ರತಿರೋಧವನ್ನು ಹೊತ್ತು ತಂದಿದ್ದರು, ಮಾಸು ಅದರ ಮೇಲೆ ತನ್ನ ಪಾಲು ಹೇರಿತು.

ಹಾಗಾದರೆ ಆ 11ರ ಸಿಆರ್‌ಪಿ? ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಮುಖ್ಯವಾಗಿ ಐಎಲ್-6 ಎಂಬ ಇನ್ನೊಂದು ಉರಿಯೂತದ ಸಂದೇಶಕಣದ ಆಣತಿಯಂತೆ. ಸಹಜ ಬಸಿರಿನಲ್ಲೇ ಅದು ಏರುತ್ತದೆ, ಬಿಳಿ ರಕ್ತಕಣಗಳೂ ಏರುತ್ತವೆ. ಹಾಳೆಯ ಬದಿಯಲ್ಲಿ ಅಚ್ಚಾಗಿದ್ದ ಸಾಮಾನ್ಯ ಮಿತಿಗಳು ಬಸಿರಿಲ್ಲದವರ ಮಿತಿಗಳು. ಜೊತೆಗೆ, ಮೊದಲ ಮೂರು ತಿಂಗಳಲ್ಲಿ ಸಿಆರ್‌ಪಿ ಹೆಚ್ಚಿದ್ದವರಿಗೆ ಮುಂದೆ ಮಧುಮೇಹ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದರೂ, ಬಿಎಂಐಯನ್ನು ಲೆಕ್ಕಕ್ಕೆ ತಂದ ಕೂಡಲೇ ಆ ನಂಟು ಬಹುಪಾಲು ಕರಗುತ್ತದೆ. ಅಂದರೆ ಸಿಆರ್‌ಪಿ ಇಲ್ಲಿ ಹೆಚ್ಚಾಗಿ ಹೇಳುವುದು ತೂಕದ ಯಂತ್ರ ಆಗಲೇ ಹೇಳಿದ್ದನ್ನು. ಆಕೆಗೆ ಇದನ್ನೇ ಸರಳವಾಗಿ ಹೇಳಿ, ಗ್ಲೂಕೋಮೀಟರ್ ಕೊಟ್ಟು, ಆಹಾರ ತಜ್ಞರ ಬಳಿ ಕಳಿಸಿದರು. ಗುರಿ: ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಒಂದು ಗಂಟೆಗೆ 140ರ ಒಳಗೆ.

ಮುಂದಿನ ನಾಲ್ಕು ವಾರಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಪಿಷ್ಟವನ್ನು ಮೂರು ಊಟ, ಎರಡು ಮೂರು ತಿಂಡಿಗಳಿಗೆ ಹಂಚಿದರು, ಊಟದ ನಂತರ ನಡೆದರು. ಬೆಳಗಿನ ಸಕ್ಕರೆ 86ರಿಂದ 92, ಊಟದ ನಂತರ 112ರಿಂದ 136. ಔಷಧ ಬೇಕಾಗಲಿಲ್ಲ.

ನಾಲ್ಕು ಬೆಳಗುಗಳು

31ನೇ ವಾರ ಶುರುವಾದಾಗ ಆಕೆ ಸಕ್ಕರೆ ಬರೆದಿಡುವ ಪುಸ್ತಕದಲ್ಲಿ ಹೀಗಿತ್ತು. ಸೋಮವಾರ ಬೆಳಗ್ಗೆ 91. ಮಂಗಳವಾರ 98. ಬುಧವಾರ 104. ಗುರುವಾರ 113. ರಾತ್ರಿಯೂಟದ ನಂತರದ ಸಾಲು 131, 152, 161, 176. ಅಂಕಿಗಳ ಪಕ್ಕದಲ್ಲಿ ಆಕೆ ತಿಂದದ್ದನ್ನೆಲ್ಲ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು. ನಾಲ್ಕು ದಿನದ ಊಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬುಧವಾರದ ಅಂಚಿನಲ್ಲಿ ಒಂದು ಮಾತು: "ಯಾಕೋ ಸುಸ್ತು. ಬಲಗಡೆ ಸೊಂಟ ಹಿಡಿದಂಗಿದೆ."

ಇಂಥ ಪುಸ್ತಕ ಕೈಗೆ ಬಂದಾಗ ಬಹುತೇಕ ಕಡೆ ಬಾಯಿಗೆ ಮೊದಲು ಬರುವ ಪ್ರಶ್ನೆ "ಏನು ತಿಂದ್ರಿ?" ಎಂಬುದು. ಗುರುವಾರ ಫೋನಿನಲ್ಲಿ ಆಕೆಗೂ ಅದೇ ಪ್ರಶ್ನೆ ಬಂತು, ರಾತ್ರಿಯ ಪಿಷ್ಟ ಇನ್ನೂ ಕಡಿಮೆ ಮಾಡಿ ಎಂಬ ಸಲಹೆಯೂ ಬಂತು. ನನ್ನ ತಕರಾರು ಇಲ್ಲಿದೆ. ಮಾಸು ಬೆಳೆದಂತೆ ಪ್ರತಿರೋಧ ಏರುವುದು ವಾರಗಳ ಲೆಕ್ಕದಲ್ಲಿ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮೂರು ದಿನದಲ್ಲಿ 22 ಏರಿತೆಂದರೆ ಅದು ತಟ್ಟೆಯ ಕಡೆ ನೋಡುವ ಹೊತ್ತಲ್ಲ. ಖಾಲಿ ಹೊಟ್ಟೆಯ ಸಕ್ಕರೆಯನ್ನು ಬಹುಪಾಲು ತೀರ್ಮಾನಿಸುವುದು ರಾತ್ರಿಯಿಡೀ ಯಕೃತ್ತು ತಯಾರಿಸಿ ಬಿಡುವ ಗ್ಲೂಕೋಸ್. ಯಕೃತ್ತಿನ ಮೇಲೆ ಇನ್ಸುಲಿನ್ನಿನ ಹಿಡಿತ ಇಷ್ಟು ಬೇಗ ಸಡಿಲವಾಗಲು ಸೋಂಕು, ಸ್ಟೀರಾಯ್ಡ್, ಕೆಲವು ಔಷಧಗಳು ಕಾರಣವಾಗುತ್ತವೆ. ಕೇಳಬೇಕಾಗಿದ್ದ ಪ್ರಶ್ನೆ ಸೊಂಟದ ಬಗ್ಗೆ.

ಗುರುವಾರ ರಾತ್ರಿ ಚಳಿ ಹತ್ತಿ ನಡುಕ ಬಂತು. ಆಸ್ಪತ್ರೆಗೆ ಬಂದಾಗ ಜ್ವರ 39.1 ಡಿಗ್ರಿ ಸೆಲ್ಸಿಯಸ್, ನಾಡಿ 118, ಬಲಗಡೆ ಪಕ್ಕೆಲುಬಿನ ಕೆಳಗೆ ಬೆನ್ನಲ್ಲಿ ಮುಟ್ಟಿದರೆ ನೋವು. ಮೂತ್ರ ಮಾಡುವಾಗ ಉರಿ ಇರಲೇ ಇಲ್ಲ. ಮೂತ್ರದಲ್ಲಿ ಕೀವುಕಣಗಳು, ಸೋಂಕಿನ ಗುರುತಾದ ನೈಟ್ರೈಟ್, ಜೊತೆಗೆ ಕೊಬ್ಬು ಉರಿದಾಗ ಬರುವ ಕೀಟೋನ್ ಸ್ವಲ್ಪ. ರಕ್ತದಲ್ಲಿ ಸಕ್ಕರೆ 196, ಬಿಳಿ ರಕ್ತಕಣ 19,800, ಸಿಆರ್‌ಪಿ 138. ರಕ್ತದ ಆಮ್ಲವನ್ನು ಸರಿದೂಗಿಸುವ ಬೈಕಾರ್ಬನೇಟ್ 19, ಬಸಿರಿನಲ್ಲಿ ಇದು ಸಹಜ ಮಿತಿಯೊಳಗೇ ಇದೆ, ಆದರೂ ನೋಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಗರ್ಭಿಣಿಯರಲ್ಲಿ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನ್ ತುಂಬಿ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು. ಬಲ ಮೂತ್ರಪಿಂಡದ ಸೋಂಕು ಎಂದು ತೀರ್ಮಾನವಾಯಿತು. ಬಸಿರಿನಲ್ಲಿ ಬಲಗಡೆಯೇ ಹೆಚ್ಚು ತೊಂದರೆಗೊಳಗಾಗುವುದು: ಗರ್ಭಕೋಶ ಬಲಕ್ಕೆ ವಾಲಿ ಮೂತ್ರನಾಳವನ್ನು ಒತ್ತುತ್ತದೆ, ಪ್ರೊಜೆಸ್ಟರಾನ್ ನಾಳವನ್ನು ಸಡಿಲಿಸುತ್ತದೆ, ಮೂತ್ರ ಹರಿಯದೆ ಅಲ್ಲೇ ನಿಂತುಕೊಳ್ಳುತ್ತದೆ. ಎರಡನೇ ದಿನದ ಕಲ್ಚರ್‌ನಲ್ಲಿ ನಿರೀಕ್ಷೆಯಂತೆ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಯಿತು.

ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಡ್ರಿಪ್‌ನಲ್ಲಿ ಶುರುವಾಯಿತು. ಆದರೆ ಅಷ್ಟರಲ್ಲಿ ಹೊಟ್ಟೆ ಆರೇಳು ನಿಮಿಷಕ್ಕೊಮ್ಮೆ ಗಟ್ಟಿಯಾಗತೊಡಗಿತ್ತು, ಸ್ಕ್ಯಾನ್‌ನಲ್ಲಿ ಗರ್ಭಕಂಠದ ಉದ್ದ 19 ಮಿಲಿಮೀಟರ್. ಮೂತ್ರಪಿಂಡದ ಸೋಂಕು ಅವಧಿಗೆ ಮುಂಚಿನ ಹೆರಿಗೆಯನ್ನು ಎಳೆದು ತರಬಲ್ಲದು. ಮಗುವಿನ ಶ್ವಾಸಕೋಶ ಬಲಿಯಲೆಂದು 12 ಮಿಲಿಗ್ರಾಂ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, 24 ಗಂಟೆಯ ನಂತರ ಇನ್ನೊಂದು. ಹೆರಿಗೆ ನೋವು ತಡೆಯಲು ನಿಫೆಡಿಪಿನ್ ಆರಿಸಿಕೊಂಡರು. ಇದಕ್ಕೆ ಟರ್ಬುಟಲಿನ್ ಬಳಸುವುದೂ ಉಂಟು, ಆದರೆ ಆ ಗುಂಪಿನ ಔಷಧಗಳು ಸಕ್ಕರೆಯನ್ನೂ ಏರಿಸುತ್ತವೆ; ಈಗಾಗಲೇ ಇಷ್ಟು ಕಾರಣಗಳಿರುವಾಗ ಇನ್ನೊಂದನ್ನು ಸೇರಿಸುವುದು ಜಾಣತನವಾಗುತ್ತಿರಲಿಲ್ಲ. ಡ್ರಿಪ್ ಬಾಟಲಿಯಲ್ಲಿ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್, ಇದೆಯೇ ಎಂಬುದನ್ನೂ ನೋಡಿಕೊಂಡರು. ಸಣ್ಣ ಸಂಗತಿಯಂತೆ ಕಾಣುತ್ತದೆ, ರಾತ್ರಿ ಪಾಳಿಯಲ್ಲಿ ತಪ್ಪಿಹೋಗುವುದೂ ಇದೇ.

ಎರಡು ಅಲೆಗಳು

ದಾಖಲಾದ ರಾತ್ರಿಯೇ ಇನ್ಸುಲಿನ್ ಶುರು. ಆಕೆಯ ಆಗಿನ ತೂಕ 80 ಕಿಲೋ. ಮಲಗುವಾಗ ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ 14 ಯೂನಿಟ್, ಪ್ರತಿ ಊಟಕ್ಕೆ ಮುಂಚೆ 6 ಯೂನಿಟ್ ಬೇಗ ಕೆಲಸ ಮಾಡುವ ಇನ್ಸುಲಿನ್, ಒಟ್ಟು 32. ಸ್ಟೀರಾಯ್ಡ್ ಕೊಟ್ಟಾಗ ಸಕ್ಕರೆ ಏರಲಿ, ಆಮೇಲೆ ನೋಡೋಣ ಎಂದು ಕಾಯದೆ ಪ್ರಮಾಣವನ್ನು ಮುಂಗಡವಾಗಿ ಏರಿಸುವುದು ರೂಢಿ. ಮೊದಲ ರಾತ್ರಿ ಕಾಲುಭಾಗ, ಮುಂದಿನ ಎರಡು ದಿನ ಶೇ. 40ರಷ್ಟು, ಆಮೇಲೆ ಹಂತಹಂತವಾಗಿ ಇಳಿಕೆ. ಹಾಗೆಯೇ ಮಾಡಿದರು, ಅದೂ ಸಾಲದೆ ಮೂರನೇ ದಿನ 58 ಯೂನಿಟ್ ಮುಟ್ಟಿತು.

ಆ ಮೂರನೇ ದಿನವೇ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲದ ದಿನ. ಜ್ವರ ಬಿಟ್ಟು ಹನ್ನೆರಡು ಗಂಟೆಯಾಗಿತ್ತು. ಸಿಆರ್‌ಪಿ 152ರ ತುದಿ ಮುಟ್ಟಿ 71ಕ್ಕೆ ಇಳಿದಿತ್ತು. ಬೆನ್ನುನೋವು ಅರ್ಧಕ್ಕರ್ಧ ಕಡಿಮೆ. ಆದರೆ ಮಧ್ಯಾಹ್ನದ ಊಟದ ನಂತರದ ಸಕ್ಕರೆ 214, ಇಡೀ ಬಸಿರಿನಲ್ಲೇ ಅತಿ ಹೆಚ್ಚು. ಉರಿಯೂತ ಇಳಿಯುತ್ತಿದೆ, ಪ್ರತಿರೋಧ ಏರುತ್ತಿದೆ. ಬಿಳಿ ರಕ್ತಕಣ ಇನ್ನೂ 20,000ದ ಆಸುಪಾಸಿನಲ್ಲೇ ಇದ್ದುದರಿಂದ ಸೋಂಕು ಬಗ್ಗಿಲ್ಲ, ಆಂಟಿಬಯೋಟಿಕ್ ಬದಲಿಸಬೇಕು ಎಂಬ ಮಾತೂ ಬಂತು. ಬದಲಿಸಲಿಲ್ಲ, ಅದು ಸರಿಯಾದ ನಿರ್ಧಾರ. ಸ್ಟೀರಾಯ್ಡ್ ರಕ್ತನಾಳದ ಗೋಡೆಗೆ ಅಂಟಿಕೊಂಡ ಬಿಳಿಕಣಗಳನ್ನು ಬಿಡಿಸಿ ಹರಿವಿಗೆ ತರುತ್ತದೆ. ಸೋಂಕಿಲ್ಲದಿದ್ದರೂ ಸಂಖ್ಯೆ ಏರುತ್ತದೆ. ಆ ಹೊತ್ತಿನಲ್ಲಿ ನಂಬಬೇಕಾದದ್ದು ಜ್ವರದ ಪಟ್ಟಿ, ನಾಡಿ, ಸಿಆರ್‌ಪಿಯ ಇಳಿಜಾರು.

ಇಲ್ಲೊಂದು ವಿರೋಧಾಭಾಸ ಎದ್ದು ಕಾಣುತ್ತದೆ. ಬೀಟಾಮೆಥಾಸೋನ್ ನಮ್ಮ ಬಳಿ ಇರುವ ಅತ್ಯಂತ ಬಲವಾದ ಉರಿಯೂತ ನಿರೋಧಕಗಳಲ್ಲಿ ಒಂದು. ಟಿಎನ್‌ಎಫ್, ಐಎಲ್-6 ತಯಾರಿಯನ್ನೇ ಅದು ಅದುಮುತ್ತದೆ. ಪ್ರತಿರೋಧಕ್ಕೆ ಉರಿಯೂತವೊಂದೇ ಕಾರಣವಾಗಿದ್ದರೆ ಇಂಜೆಕ್ಷನ್ ಕೊಟ್ಟ ಮರುದಿನ ಸಕ್ಕರೆ ಇಳಿಯಬೇಕಿತ್ತು. ಆಗಿದ್ದು ತದ್ವಿರುದ್ಧ. ಸ್ಟೀರಾಯ್ಡ್ ಯಕೃತ್ತಿಗೆ ಹೊಸ ಗ್ಲೂಕೋಸ್ ತಯಾರಿಸಲು ಹೇಳುತ್ತದೆ, ಸ್ನಾಯುವಿನಲ್ಲಿ ಇನ್ಸುಲಿನ್ ಸಂದೇಶವನ್ನು ತನ್ನದೇ ದಾರಿಯಿಂದ ಕುಗ್ಗಿಸುತ್ತದೆ. ಉರಿಯೂತ ಪ್ರತಿರೋಧಕ್ಕೆ ಒಂದು ದಾರಿ. ಅದನ್ನು ಮುಚ್ಚಿದ ಮಾತ್ರಕ್ಕೆ ಉಳಿದ ದಾರಿಗಳು ಮುಚ್ಚುವುದಿಲ್ಲ.

ಸೋಂಕು ತಂದ ಮೊದಲ ಅಲೆಯನ್ನೂ ಪೂರ್ತಿ ಟಿಎನ್‌ಎಫ್ ತಲೆಗೆ ಕಟ್ಟುವುದು ಸರಿಯಲ್ಲ. ಸೋಂಕಿನ ಹೊತ್ತಿಗೆ ಸೈಟೋಕೈನುಗಳ (ಟಿಎನ್‌ಎಫ್, ಐಎಲ್-6ರಂಥ ಸಂದೇಶಕಣಗಳ) ಜೊತೆಗೆ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಲ್ಲವೂ ಏರುತ್ತವೆ. ಸೈಟೋಕೈನುಗಳೇ ಮಿದುಳಿನ ಮೂಲಕ ಕಾರ್ಟಿಸಾಲನ್ನು ಎಬ್ಬಿಸುತ್ತವೆ. ಯಾವುದರ ಪಾಲು ಎಷ್ಟು ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ಬಿಡಿಸಲಾಗದು, ಬಿಡಿಸುವ ಅಗತ್ಯವೂ ಇಲ್ಲ. ಸೋಂಕಿನ ಮೂಲಕ್ಕೆ ಚಿಕಿತ್ಸೆ ಕೊಟ್ಟರೆ ಅವೆಲ್ಲ ಒಟ್ಟಿಗೆ ಇಳಿಯುತ್ತವೆ.

ಇಳಿದದ್ದೂ ಹಾಗೆಯೇ. ಆರನೇ ದಿನಕ್ಕೆ 34 ಯೂನಿಟ್, ಸಿಆರ್‌ಪಿ 24. ಊಟದ ಮುಂಚಿನ ಇನ್ಸುಲಿನ್ ಒಂದೊಂದಾಗಿ ನಿಂತಿತು. ಹನ್ನೆರಡನೇ ದಿನಕ್ಕೆ ಉಳಿದದ್ದು ರಾತ್ರಿಯ 14 ಯೂನಿಟ್ ಎನ್‌ಪಿಎಚ್ ಮಾತ್ರ. ಈ ಇಳಿಕೆಯ ದಿನಗಳಲ್ಲಿ ಹೆಚ್ಚು ಅಪಾಯ ಸಕ್ಕರೆ ತೀರಾ ಕೆಳಗೆ ಹೋಗುವುದರಲ್ಲಿದೆ. ಏರಿಸುವಾಗಿನ ಉತ್ಸಾಹ ಇಳಿಸುವಾಗ ಇರುವುದಿಲ್ಲ. ಎಂಟನೇ ದಿನ ಬೆಳಗಿನ ಜಾವ ಒಮ್ಮೆ 61 ಬಂದದ್ದು ಇದೇ ಕಾರಣಕ್ಕೆ. ಹೊಟ್ಟೆ ಗಟ್ಟಿಯಾಗುವುದು ನಿಂತಿತ್ತು. ಆಂಟಿಬಯೋಟಿಕ್ ಹದಿನಾಲ್ಕು ದಿನ ಪೂರೈಸಿ, ಮೂತ್ರ ಶುದ್ಧವಾದದ್ದನ್ನು ಮತ್ತೊಂದು ಕಲ್ಚರ್‌ನಿಂದ ಖಚಿತಪಡಿಸಿಕೊಂಡರು.

ಉಳಿದ ಹದಿನಾಲ್ಕು ಯೂನಿಟ್

ಜ್ವರಕ್ಕೆ ಮೊದಲು ಸೊನ್ನೆ, ಜ್ವರ ವಾಸಿಯಾದ ಮೇಲೆ 14. ಈ ವ್ಯತ್ಯಾಸ ಏನು? ಸೋಂಕು ಶಾಶ್ವತ ಹಾನಿ ಮಾಡಿತು ಎನ್ನಲು ಆಧಾರವಿಲ್ಲ. ಈ ನಡುವೆ ಬಸಿರು 33ನೇ ವಾರಕ್ಕೆ ಬಂದಿತ್ತು. ಮಾಸು ಬೆಳೆದಿತ್ತು, ಪ್ರತಿರೋಧ ಸಹಜವಾಗಿಯೇ ಏರುವ ಕಾಲ. ಬೀಟಾ ಕೋಶಗಳು ಆಗಲೇ ತಮ್ಮ ಮಿತಿಯ ಅಂಚಿನಲ್ಲಿದ್ದವು. ಆಹಾರ ನಿಯಮವೊಂದರಿಂದಲೇ ಇನ್ನೆಷ್ಟು ವಾರ ನಡೆಯುತ್ತಿತ್ತೋ, ಸೋಂಕು ಆ ಅವಧಿಯನ್ನು ಮೊಟಕುಗೊಳಿಸಿತು ಅಷ್ಟೆ. 36ನೇ ವಾರಕ್ಕೆ ಅದು 18 ಯೂನಿಟ್ ಆಯಿತು, ನಂತರ ಅಲ್ಲಿಗೇ ನಿಂತಿತು. ಆ ವಾರಗಳಲ್ಲಿ ಇನ್ಸುಲಿನ್ ಅಗತ್ಯ ದಿಢೀರನೆ ಕುಸಿದಿದ್ದರೆ ಅದನ್ನು ಸಂತೋಷದ ಸುದ್ದಿ ಎಂದು ತಿಳಿಯದೆ ಮಾಸು ಸೋಲುತ್ತಿದೆಯೇ ಎಂದು ಮಗುವನ್ನು ಪರೀಕ್ಷಿಸಬೇಕಾಗುತ್ತಿತ್ತು. ಕುಸಿಯಲಿಲ್ಲ.

ಆಕೆಯ ಹಳೆಯ ಪ್ರಶ್ನೆ ಈ ಅವಧಿಯಲ್ಲಿ ಮತ್ತೆ ಬಂತು, ಈ ಸಲ ಸ್ವಲ್ಪ ಖಾರವಾಗಿ: "ನೋಡಿ ಡಾಕ್ಟ್ರೇ, ಉರಿಯೂತದಿಂದಾನೇ ಸಕ್ಕರೆ ಏರ್ತು ಅಂತ ಈಗ ನೀವೇ ಹೇಳ್ತಿದ್ದೀರಿ. ಹಂಗಿದ್ರೆ ಮೊದಲೇ ಯಾಕೆ ಏನೂ ಕೊಡಲಿಲ್ಲ?"

ಕೇಳಬೇಕಾದ ಪ್ರಶ್ನೆಯೇ. ಉತ್ತರದ ಮೊದಲ ಭಾಗ: ಕೊಡಬಹುದಾದದ್ದು ಬಸಿರಿಗೆ ಆಗುವುದಿಲ್ಲ. ಐಬುಪ್ರೊಫೆನ್‌ನಂಥ ಉರಿಯೂತ ನಿರೋಧಕ ನೋವು ಮಾತ್ರೆಗಳನ್ನು ಬಸಿರಿನ ದ್ವಿತೀಯಾರ್ಧದಲ್ಲಿ ದೂರವಿಡಬೇಕು. ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭಜಲ ಕಡಿಮೆ ಮಾಡುತ್ತವೆ, ಮಗುವಿನ ಹೃದಯದ ಬಳಿಯ ಒಂದು ಮುಖ್ಯ ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳುವಂತೆ ಮಾಡಬಲ್ಲವು. ಎರಡನೆಯ ಭಾಗ: ಕೊಟ್ಟು ನೋಡಿದ್ದು ಮನುಷ್ಯರಲ್ಲಿ ಹೆಚ್ಚು ಫಲ ಕೊಟ್ಟಿಲ್ಲ. ಇಲಿಗಳಲ್ಲಿ ಅಷ್ಟು ಚೆನ್ನಾಗಿ ನಡೆದ ಟಿಎನ್‌ಎಫ್ ತಡೆಯನ್ನು 1996ರಲ್ಲಿ ಸ್ಥೂಲಕಾಯದ ಟೈಪ್ 2 ಮಧುಮೇಹಿಗಳಲ್ಲಿ ಒಂದು ಡೋಸ್ ಕೊಟ್ಟು ನೋಡಿದಾಗ ಇನ್ಸುಲಿನ್ ಸ್ಪಂದನೆ ಬದಲಾಗಲಿಲ್ಲ. ಬಸಿರಿನಲ್ಲಿ ಮೀನೆಣ್ಣೆ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಗರ್ಭಾವಸ್ಥೆಯ ಮಧುಮೇಹ ಕಡಿಮೆಯಾಗಲಿಲ್ಲ. ತೂಕ ಹೆಚ್ಚಿದ ಗರ್ಭಿಣಿಯರಿಗೆ ಪ್ರೊಬಯೋಟಿಕ್ ಕೊಟ್ಟು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಧುಮೇಹ ಬಂದದ್ದು ಪ್ರೊಬಯೋಟಿಕ್ ತೆಗೆದುಕೊಂಡವರಲ್ಲಿ ಶೇ. 18.4, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 12.3. 'ಉರಿಯೂತ ಇಳಿಸುವ' ಆಹಾರ, ಪುಡಿ, ಕಷಾಯಗಳ ಜಾಹೀರಾತು ಓದುವಾಗ ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಜೇಬಿಗೆ ಒಳ್ಳೆಯದು.

ಫಲ ಕೊಟ್ಟದ್ದು ಸಕ್ಕರೆಗೇ ನೇರವಾಗಿ ಮಾಡುವ ಚಿಕಿತ್ಸೆ. 2005ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಆಹಾರ ಸಲಹೆ, ಸಕ್ಕರೆ ತಪಾಸಣೆ, ಬೇಕಾದರೆ ಇನ್ಸುಲಿನ್ ಇಷ್ಟರಿಂದಲೇ ಮಗುವಿನ ಗಂಭೀರ ತೊಂದರೆಗಳು ಶೇ. 4ರಿಂದ ಶೇ. 1ಕ್ಕೆ ಇಳಿದವು. ಮೆಟ್‌ಫಾರ್ಮಿನ್ ಬಗ್ಗೆಯೂ ಆಕೆ ಕೇಳಿದರು. ಅದು ಯಕೃತ್ತಿನ ಗ್ಲೂಕೋಸ್ ತಯಾರಿಯನ್ನು ತಗ್ಗಿಸುತ್ತದೆ, ಇಂಜೆಕ್ಷನ್ ತಪ್ಪುತ್ತದೆ; ಆದರೆ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ, ಮತ್ತು 2008ರ ದೊಡ್ಡ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಶೇ. 46ರಷ್ಟು ಮಂದಿಗೆ ಕೊನೆಗೆ ಇನ್ಸುಲಿನ್ನೂ ಬೇಕಾಯಿತು. ಇನ್ಸುಲಿನ್ ಮಾಸನ್ನು ದಾಟುವುದಿಲ್ಲ. ಸೂಜಿ ಹೇಗೂ ರೂಢಿಯಾಗಿತ್ತು; ಅದನ್ನೇ ಮುಂದುವರಿಸಿದರು.

ಹೆರಿಗೆ, ನಂತರದ ಲೆಕ್ಕ

39ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಸಹಜ ಹೆರಿಗೆ, ಹೆಣ್ಣುಮಗು, 3.5 ಕಿಲೋ. ಮೊದಲ ಗಂಟೆಯಲ್ಲಿ ಮಗುವಿನ ಸಕ್ಕರೆ 43, ಹಾಲು ಕುಡಿದ ಮೇಲೆ 58. ತಾಯಿಯ ಗ್ಲೂಕೋಸ್ ಮಾಸು ದಾಟಿದಾಗ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡಿರುತ್ತದೆ. ಬಳ್ಳಿ ಕತ್ತರಿಸಿದ ಕೂಡಲೇ ಗ್ಲೂಕೋಸ್ ನಿಲ್ಲುತ್ತದೆ, ಇನ್ಸುಲಿನ್ ಉಳಿಯುತ್ತದೆ. ಮೊದಲ ಗಂಟೆಗಳ ಕಾವಲು ಅದಕ್ಕೇ.

ಮಾಸು ಹೊರಬಿದ್ದ ಮೇಲೆ ಆಕೆಗೆ ಇನ್ಸುಲಿನ್ ಕೊಡಲಿಲ್ಲ. ಮರುದಿನ ಬೆಳಗ್ಗೆ 88. ಹಿಂದಿನ ರಾತ್ರಿಯವರೆಗೆ 18 ಯೂನಿಟ್ ಬೇಕಿದ್ದ ದೇಹಕ್ಕೆ ಈಗ ಒಂದೂ ಬೇಡ. ಮಾಸಿನ ಪಾಲು ಎಷ್ಟಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಅಳತೆ ಸಿಗುವುದಿಲ್ಲ.

ಇಲ್ಲಿಗೆ ಕಡತ ಮುಚ್ಚುವ ಅಭ್ಯಾಸ ಎಷ್ಟೋ ಕಡೆ ಇದೆ. ಮಗು ಚೆನ್ನಾಗಿದೆ, ಸಕ್ಕರೆ ಹೋಯಿತು, ಮತ್ತೆ ಯಾಕೆ ಬರಬೇಕು? ಹೆರಿಗೆಯಾದ 4ರಿಂದ 12 ವಾರದೊಳಗೆ ಮತ್ತೆ 75 ಗ್ರಾಂ ಪರೀಕ್ಷೆ ಆಗಬೇಕು, ಬಹಳ ಮಂದಿ ಬರುವುದೇ ಇಲ್ಲ. ಈಕೆ ಎಂಟನೇ ವಾರ ಬಂದರು. ಖಾಲಿ ಹೊಟ್ಟೆಯಲ್ಲಿ 98, ಎರಡು ಗಂಟೆಗೆ 151. ಎರಡು ಗಂಟೆಯ ಅಂಕಿ 140ರಿಂದ 199ರ ನಡುವೆ ಇದ್ದರೆ ಮಧುಮೇಹಕ್ಕೆ ಮುಂಚಿನ ಸ್ಥಿತಿ. ಮಾಸೂ ಇಲ್ಲ, ಸೋಂಕೂ ಇಲ್ಲ, ಸ್ಟೀರಾಯ್ಡೂ ಇಲ್ಲ. ಎಲ್ಲ ಕಳೆದ ಮೇಲೆ ಉಳಿದದ್ದು ಬಸಿರಿಗೆ ಮೊದಲಿನಿಂದ ಇದ್ದ ಪ್ರತಿರೋಧ, ಅದರ ಕೆಳಗೆ ದಣಿದ ಬೀಟಾ ಕೋಶಗಳು.

ಈ ಪದರಕ್ಕಾದರೆ ಚಿಕಿತ್ಸೆ ಇದೆ, ಅದೂ ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆ. ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಹಿಂದೆ ಗರ್ಭಾವಸ್ಥೆಯ ಮಧುಮೇಹ ಬಂದಿದ್ದ 350 ಹೆಂಗಸರಿದ್ದರು. ತೂಕದಲ್ಲಿ ಶೇ. 7 ಇಳಿಸುವ, ವಾರಕ್ಕೆ 150 ನಿಮಿಷ ಮೈ ದಂಡಿಸುವ ಗುರಿ ಇಟ್ಟುಕೊಂಡವರಲ್ಲಿ ಟೈಪ್ 2 ಮಧುಮೇಹ ಸರಿಸುಮಾರು ಅರ್ಧಕ್ಕಿಳಿಯಿತು. ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಿಂದೆ ಗರ್ಭಾವಸ್ಥೆಯ ಮಧುಮೇಹ ಬಾರದ ತಾಯಂದಿರಲ್ಲಿ ಅದೇ ಮೆಟ್‌ಫಾರ್ಮಿನ್ ತಂದ ಇಳಿಕೆ ಶೇ. 14 ಮಾತ್ರ. ಹಾಲೂಡಿಸುವುದೂ ಮುಂದಿನ ಮಧುಮೇಹದ ಸಾಧ್ಯತೆ ಕಡಿಮೆ ಇರುವುದರ ಜೊತೆ ಕಾಣಿಸಿಕೊಳ್ಳುತ್ತದೆ.

ಆಕೆ ಹಾಲೂಡಿಸುತ್ತಿದ್ದರು, ಬಸಿರಿಗೆ ಮುಂಚಿನ ತೂಕಕ್ಕಿಂತ ಇನ್ನೂ ನಾಲ್ಕು ಕಿಲೋ ಮೇಲಿದ್ದರು. ಮೆಟ್‌ಫಾರ್ಮಿನ್ ಈಗಲೇ ಬೇಡ, ಆರು ತಿಂಗಳು ತೂಕದ ಮೇಲೆ ಕೆಲಸ ಮಾಡುತ್ತೇನೆ ಎಂದರು. ಆರು ತಿಂಗಳಿಗೆ ತೂಕ ಮತ್ತು ಎಚ್‌ಬಿಎ1ಸಿ, ವರ್ಷಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಇನ್ನೊಂದು ಬಸಿರಾದರೆ 24ನೇ ವಾರದವರೆಗೆ ಕಾಯದೆ ಮೊದಲ ಭೇಟಿಯಲ್ಲೇ ಸಕ್ಕರೆ, ಜೊತೆಗೆ ಮೂತ್ರದ ಕಲ್ಚರ್. ಆ ದಿನದ ಹಾಳೆಯಲ್ಲಿ ಸಿಆರ್‌ಪಿ ಬರೆಸಲಿಲ್ಲ. ಅದರಲ್ಲಿ ಎಷ್ಟೇ ಬಂದಿದ್ದರೂ ಮೇಲಿನ ಯೋಜನೆಯಲ್ಲಿ ಒಂದು ಸಾಲೂ ಬದಲಾಗುತ್ತಿರಲಿಲ್ಲ.